ಹೊಸ ಉದ್ದಿಮೆಯ ಚೊಚ್ಚಲ ಸರಕು

(ಶ್ರೀಮಠದ ಮಹೋತ್ಸವದ ಅಂಗವಾಗಿ ಹಾವೇರಿಯಲ್ಲಿ ಜರುಗಿದ ಉದ್ಯೋಗ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಮಂಗಲ ಮಹೋತ್ಸವದಲ್ಲಿ ಎರಡು ಮಾತುಗಳನ್ನು ನಿವೇದಿಸಬೇಕೆಂದು ನನಗೆ ಅಪ್ಪಣೆಯಾಯಿತು. ಶಾಸ್ತ್ರವಿಚಾರಗಳನ್ನು ಹೇಳಬಲ್ಲ ವಿದ್ವಾಂಸರು ಈ ವೇದಿಕೆಯ ಮೇಲೆಯೇ ಅನೇಕರಿರುವರು. ನನ್ನಿಂದ ಆಗಬಹುದಾದದ್ದು ಸಂತೆ-ಪೇಟೆಯ ಮಾತು, ಹೊಲ-ಕಣಗಳ ಮಾತು. ಆದರೂ ಅದು ಈ ಸ್ಥಳಕ್ಕೆ ಸಲ್ಲದ ಮಾತೆಂದು ನಾನು ತಿಳಿಯುವದಿಲ್ಲ. ಈ ಸೀಮೆಯ ಮಠಗಳು ಹಳ್ಳಿಯ ಮಕ್ಕಳಿಗೆ ಅನ್ನವಿಕ್ಕಿ, ಇರಲು ನೆಲೆ ಕೊಟ್ಟು, ಅವರನ್ನು ವಿದ್ಯೆಯ ದಾರಿಗೆ ಹಚ್ಚಿದವು. ಆ ಮಕ್ಕಳ ಮಕ್ಕಳು ಇಂದು ಯಂತ್ರಶಾಸ್ತ್ರವನ್ನೂ ಕೃಷಿಶಾಸ್ತ್ರವನ್ನೂ ಗಣಕವಿದ್ಯೆಯನ್ನೂ ಕಲಿತು ಹೊರಬೀಳುತ್ತಿರುವರು. ಅವರಲ್ಲಿ ಕೆಲವರು “ನಮಗೆ ನೌಕರಿ ಯಾರು ಕೊಟ್ಟಾರು?” ಎಂಬ ಹಳೆಯ ಪ್ರಶ್ನೆಯನ್ನು ಬದಿಗಿರಿಸಿ, “ನಾವೇ ಒಂದು ಉದ್ದಿಮೆಯನ್ನು ಏಕೆ ಹೂಡಬಾರದು?” ಎಂದು ಕೇಳಹತ್ತಿರುವರು. ಅವರನ್ನು ಕುರಿತೇ ನಾನು ಈಹೊತ್ತು ಮಾತಾಡುವವನಿದ್ದೇನೆ.

ಈ ಹುಮ್ಮಸ್ಸಿಗೆ ಕಾಲವೂ ಅನುಕೂಲವಾಗಿದೆ. ೨೦೧೫ರಲ್ಲಿ ಕರ್ನಾಟಕ ಸರಕಾರವು ನವೋದ್ಯಮಗಳಿಗಾಗಿ ಒಂದು ನೀತಿಯನ್ನು ಹೊರಡಿಸಿತು. ೨೦೧೬ರ ಜನವರಿಯಲ್ಲಿ ಭಾರತ ಸರಕಾರವು ‘ಸ್ಟಾರ್ಟಪ್ ಇಂಡಿಯಾ’ ಎಂಬ ಯೋಜನೆಯನ್ನು ಸಾರಿತು. ನಮ್ಮ ಸಮೀಪದ ಹುಬ್ಬಳ್ಳಿಯಲ್ಲಿಯೇ ದೇಶಪಾಂಡೆ ಫೌಂಡೇಶನ್ನಿನವರು ಇಂಥ ತರುಣರಿಗೆ ಆಶ್ರಯವನ್ನೂ ಮಾರ್ಗದರ್ಶನವನ್ನೂ ಒದಗಿಸುವ ಏರ್ಪಾಡು ಮಾಡಿರುವರು. ಆದರೆ ಹಣಕ್ಕಿಂತಲೂ ಸ್ಥಳಕ್ಕಿಂತಲೂ ಮೊದಲು ಉತ್ತರ ಕೊಡಬೇಕಾದ ಪ್ರಶ್ನೆಗಳು ಬೇರೆ ಇವೆ. ಮೊಟ್ಟಮೊದಲು ಏನನ್ನು ಮಾಡಬೇಕು? ಎಷ್ಟನ್ನು ಮಾಡಬೇಕು? ಅದನ್ನು ಯಾರ ಕೈಯಲ್ಲಿ ಕೊಟ್ಟು ನೋಡಬೇಕು? ಈ ಮೂರು ಪ್ರಶ್ನೆಗಳಲ್ಲಿ ತಪ್ಪಿದವನಿಗೆ ಮುಂದೆ ಎಷ್ಟು ಬಂಡವಾಳ ದೊರೆತರೂ ಅದು ತೂತಿನ ಕೊಡಕ್ಕೆ ನೀರು ಹೊತ್ತಂತೆಯೇ ಸರಿ.

ಪಾಶ್ಚಾತ್ಯ ದೇಶಗಳ ವ್ಯಾಪಾರಸ್ಥರು ಈ ವಿಷಯಕ್ಕೆ ‘ಮಿನಿಮಮ್ ವಯಬಲ್ ಪ್ರಾಡಕ್ಟ್’ ಎಂದು ಹೆಸರಿಟ್ಟಿರುವರು. ೨೦೧೧ರಲ್ಲಿ ಅಮೇರಿಕೆಯ ಎರಿಕ್ ರೀಸ್ ಎಂಬವರು ಬರೆದ ‘ದಿ ಲೀನ್ ಸ್ಟಾರ್ಟಪ್’ ಎಂಬ ಪುಸ್ತಕದ ಮೂಲಕ ಈ ಮಾತು ಎಲ್ಲೆಡೆ ಹಬ್ಬಿತು. ಗಿರಾಕಿಯ ನಿಜವಾದ ಬಯಕೆ ಏನೆಂಬದನ್ನು ಅತ್ಯಲ್ಪ ವೆಚ್ಚದಲ್ಲಿ, ಅತ್ಯಲ್ಪ ಕಾಲದಲ್ಲಿ ತಿಳಿದುಕೊಳ್ಳಲು ಸಾಕಾಗುವಷ್ಟು ಚಿಕ್ಕದಾದ, ಆದರೂ ಕೆಲಸಕ್ಕೆ ಬರುವ ಮೊದಲ ಪದಾರ್ಥವೆಂದು ಇದರ ತಾತ್ಪರ್ಯ. ‘ಕನಿಷ್ಠ ಕಾರ್ಯಸಾಧ್ಯ ಉತ್ಪನ್ನ’ವೆಂದು ಇದನ್ನು ಕನ್ನಡಿಸುವದುಂಟು. ಅದು ಕಿವಿಗೆ ತುಸು ಒರಟು. ನಾನಾದರೆ ಇದನ್ನು ‘ಚೊಚ್ಚಲ ಸರಕು’ ಎಂದು ಕರೆಯುವೆನು. ಚೊಚ್ಚಲ ಕೂಸು ಅಂಗೈ-ಮೊಳಕೈಗಳ ಅಳತೆಯದು. ಆದರೆ ಅದಕ್ಕೆ ಕಣ್ಣು, ಮೂಗು, ಕೈಕಾಲುಗಳೆಲ್ಲ ಇವೆ, ಉಸಿರಿದೆ, ಹಸಿದರೆ ಅಳುವ ಧ್ವನಿಯಿದೆ. ಚಿಕ್ಕದಾಗಿರುವದು ಬೇರೆ, ಅರೆಬರೆಯಾಗಿರುವದು ಬೇರೆ. ಹಿಡಿಯಿಲ್ಲದ ಕುಡುಗೋಲು ಚಿಕ್ಕ ಕುಡುಗೋಲಲ್ಲ. ಅದು ಕುಡುಗೋಲೇ ಅಲ್ಲ.

ಒಂದು ಉದಾಹರಣೆಯಿಂದ ಇದು ವಿಶದವಾದೀತು. ೧೯೯೯ರಲ್ಲಿ ಅಮೇರಿಕೆಯ ನಿಕ್ ಸ್ವಿನ್‌ಮರ್ನ್ ಎಂಬ ತರುಣನಿಗೆ, ಪಾದರಕ್ಷೆಗಳನ್ನು ಅಂತರ್ಜಾಲದ ಮೂಲಕ ಮಾರಬೇಕೆಂಬ ವಿಚಾರ ಹೊಳೆಯಿತು. ಕಾಲಿಗೆ ಹಾಕಿ ನೋಡದೆ ಜನರು ಪಾದರಕ್ಷೆ ಕೊಂಡಾರೆಯೆ? ಇದೇ ಮುಖ್ಯ ಸಂದೇಹ. ಆತನು ಸಾವಿರಾರು ಜೊತೆಗಳನ್ನು ಕೊಂಡು ಗೋದಾಮು ತುಂಬಲಿಲ್ಲ. ಊರಿನ ಅಂಗಡಿಗೆ ಹೋಗಿ, ಅಲ್ಲಿದ್ದ ಪಾದರಕ್ಷೆಗಳ ಚಿತ್ರ ತೆಗೆದು ತನ್ನ ತಾಣದಲ್ಲಿ ಪ್ರಕಟಿಸಿದನು. ಯಾರಾದರೂ ಬೇಕೆಂದು ಕೇಳಿದರೆ ಅದೇ ಅಂಗಡಿಯಿಂದ ಪೂರ್ಣ ಬೆಲೆಗೆ ಕೊಂಡು ತಾನೇ ಕಟ್ಟಿ ಕಳಿಸಿದನು. ಈ ವ್ಯಾಪಾರದಲ್ಲಿ ಆತನಿಗೆ ಲಾಭವಿರಲಿಲ್ಲ. ಆದರೆ ಸಂದೇಹಕ್ಕೆ ಉತ್ತರ ದೊರೆಯಿತು. ಆ ಮೇಲೆ ಅದೇ ‘ಜಾಪೋಸ್’ ಎಂಬ ದೊಡ್ಡ ಸಂಸ್ಥೆಯಾಗಿ ಬೆಳೆದು, ೨೦೦೯ರಲ್ಲಿ ಅಮೆಜಾನ್ ಸಂಸ್ಥೆಯ ವಶವಾಯಿತು. ಇಲ್ಲಿ ಒಳಗಿನ ಏರ್ಪಾಡೆಲ್ಲ ಕೈಗೆಲಸದ್ದು. ಆದರೂ ಗಿರಾಕಿಯ ಮಟ್ಟಿಗೆ ಸರಕು ಪೂರ್ಣವಾಗಿತ್ತು. ಆತನು ಕೇಳಿದ ಪಾದರಕ್ಷೆ ಆತನ ಮನೆಯನ್ನು ಮುಟ್ಟಿತು.

ದೂರದ ಕಥೆ ಸಾಕು. ನಮ್ಮ ನಾಡಿನಲ್ಲಿಯೇ ಇದಕ್ಕಿಂತ ಗಟ್ಟಿಯಾದ ಪಾಠವುಂಟು. ೧೮೬೯ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು ಮುಂಬಯಿಯಲ್ಲಿ ಶಿಕ್ಷಕರಾಗಿದ್ದವರು. ೧೮೮೮ರಲ್ಲಿ ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ಅವರ ಉದ್ದಿಮೆಗೆ ಆರಂಭವಾಯಿತು. ಮುಂದೆ ಅವರು ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸಹತ್ತಿದರು. ೧೯೦೩ರ ಸುಮಾರಿಗೆ ಸಿದ್ಧವಾದ ಆ ನೇಗಿಲು ಕಟ್ಟಿಗೆಯ ನೇಗಿಲಿಗಿಂತ ಆಳವಾಗಿ ಉಳುವದರಲ್ಲಿ ಸಂಶಯವಿರಲಿಲ್ಲ. ಆದರೆ ಕಬ್ಬಿಣವು ಭೂಮಿಗೆ ವಿಷವಿಕ್ಕುವದೆಂಬ ಭಾವನೆ ರೈತರಲ್ಲಿ ಬಲವಾಗಿತ್ತು. ಮೊದಲ ನೇಗಿಲು ಮಾರಾಟವಾಗುವದಕ್ಕೆ ಎರಡು ವರ್ಷಗಳು ಹಿಡಿದವು. ೧೯೧೦ರಲ್ಲಿ ಔಂಧ ಸಂಸ್ಥಾನದ ರಾಜರು ಕೊಟ್ಟ ೩೨ ಎಕರೆ ಬಂಜರು ನೆಲದಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ೧೯೪೧ರಲ್ಲಿ, ರಾಣೇಬೆನ್ನೂರಿನಿಂದ ತುಂಗಭದ್ರೆಯನ್ನು ದಾಟಿದರೆ ಸಿಗುವ ಹರಿಹರದಲ್ಲಿ, ಇದೇ ಮನೆತನದ ‘ಮೈಸೂರು ಕಿರ್ಲೋಸ್ಕರ’ ಕಾರಖಾನೆ ಸ್ಥಾಪಿತವಾಗಿ ಲೇಥ್ ಯಂತ್ರಗಳಿಗೆ ಹೆಸರಾಯಿತು. ಆ ಕಾರಖಾನೆ ಈಗ ಮುಚ್ಚಿಹೋಗಿದೆಯಾದರೂ ಅಲ್ಲಿ ಕೈ ಪಳಗಿಸಿಕೊಂಡವರ ಮನೆಗಳು ನಮ್ಮ ಸೀಮೆಯಲ್ಲಿ ಉಂಟು.

ಇಲ್ಲಿ ನಾವು ಕಲಿಯಬೇಕಾದದ್ದೇನು? ನೇಗಿಲು ಚೆನ್ನಾಗಿ ಉಳುವದೋ ಇಲ್ಲವೋ ಎಂಬದು ಒಂದು ಪ್ರಶ್ನೆ. ರೈತನು ಅದನ್ನು ತನ್ನ ಹೊಲಕ್ಕೆ ಬಿಟ್ಟುಕೊಳ್ಳುವನೋ ಇಲ್ಲವೋ ಎಂಬದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕಾರಖಾನೆಯಲ್ಲಿ ದೊರೆಯುವದು. ಎರಡನೆಯದಕ್ಕೆ ಉತ್ತರ ಹೊಲದಲ್ಲಿ ಮಾತ್ರ ದೊರೆಯುವದು. ಕಲಿತ ತರುಣರು ಮೊದಲನೆಯದರಲ್ಲಿ ಮಗ್ನರಾಗಿ ಎರಡನೆಯದನ್ನು ಮರೆಯುತ್ತಾರೆ. ರೈತನ ಸಂದೇಹವನ್ನು ‘ಅಜ್ಞಾನ’ವೆಂದು ತಳ್ಳಿಹಾಕುವದು ಸುಲಭ. ಆದರೆ ಆ ಸಂದೇಹದ ಬೆಲೆ ಎರಡು ವರ್ಷಗಳಾಗಬಹುದೆಂದು ಕಿರ್ಲೋಸ್ಕರರ ಚರಿತ್ರೆ ತೋರಿಸುವದು. ಎರಡು ವರ್ಷ ಕಾಯುವ ಶಕ್ತಿ ಎಲ್ಲರಿಗೂ ಇರುವದಿಲ್ಲ.

ಇನ್ನೊಂದು ಉದಾಹರಣೆ ನಮ್ಮ ಕಣ್ಣೆದುರಿನದೇ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಶ್ರೀ ಅಬ್ದುಲ್ ಖಾದರ ನಡಕಟ್ಟಿನವರ ಹೆಸರನ್ನು ಕೇಳದ ರೈತರು ಈ ಸಭೆಯಲ್ಲಿ ವಿರಳ. ‘ನಡಕಟ್ಟಿನ ಕೂರಿಗೆ’ಯೆಂದೇ ಅವರ ಬಿತ್ತುವ ಸಾಧನ ಪ್ರಸಿದ್ಧವಾಗಿದೆ. ೨೦೨೨ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. ಅವರ ಮೊದಲ ಶೋಧವೆಂದು ಹೇಳುವ ಪದಾರ್ಥವು ಎಷ್ಟು ಚಿಕ್ಕದೆಂಬದನ್ನು ಗಮನಿಸಿರಿ. ಬೆಳಗಿನ ಜಾವ ಎಚ್ಚರವಾಗದೆ ತೊಂದರೆಪಡುತ್ತಿದ್ದ ಅವರು, ಗಡಿಯಾರದ ಕೀಲಿಗೆ ದಾರ ಕಟ್ಟಿ, ಗಂಟೆ ಬಾರಿಸಿದಾಗ ನೀರಿನ ಬಾಟಲಿ ಮುಖದ ಮೇಲೆ ಬಾಗುವಂತೆ ಮಾಡಿದರಂತೆ! ಅದಕ್ಕೆ ಬೇಕಾದದ್ದು ಗೇಣುದ್ದದ ದಾರ. ಅದು ಸಾಧಿಸಿದ್ದು ಒಂದೇ ಕೆಲಸ. ಆದರೆ ಆ ಕೆಲಸ ಪೂರ್ತಿಯಾಯಿತು. ಮುಂದೆ ಹುಣಸೆಯ ತೋಟ ಬೆಳೆಸಿದಾಗ, ಹಣ್ಣಿನಿಂದ ಬೀಜ ಬಿಡಿಸುವ ಕಷ್ಟ ಕಂಡು ಅದಕ್ಕೊಂದು ಯಂತ್ರ ಮಾಡಿದರು. ಆಮೇಲೆ ಕೂರಿಗೆಯ ಕಡೆಗೆ ಹೊರಳಿದರು. ತನ್ನ ಅಡಚಣಿಯೇ ಮೊದಲ ಗುರು, ತಾನೇ ಮೊದಲ ಗಿರಾಕಿ. ಈ ಕ್ರಮದಲ್ಲಿ ನಡೆದವನಿಗೆ ಯಾರಿಗೂ ಬೇಡವಾದ ಸರಕನ್ನು ಮಾಡುವ ಭಯ ಬಹಳ ಕಡಿಮೆ.

ಇಲ್ಲಿಗೆ ನಾನು ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಪಟ್ಟಣದ ನವೋದ್ಯಮಿಗಳಲ್ಲಿ ಒಂದು ಉಪದೇಶವು ಮಂತ್ರದಂತೆ ಪ್ರಚಾರದಲ್ಲಿದೆ: ಬೇಗನೆ ಮಾಡು, ಬೇಗನೆ ಸೋಲು, ಬೇಗನೆ ತಿದ್ದಿಕೋ. ಮೊಬೈಲಿನ ಸಾಧನವೊಂದು ಕೆಟ್ಟರೆ ಗಿರಾಕಿಗೆ ಹೋಗುವದು ಎರಡು ನಿಮಿಷ. ಮರುದಿನ ತಿದ್ದಿ ಕೊಟ್ಟರೆ ಆಯಿತು. ಅಲ್ಲಿ ಈ ಉಪದೇಶವು ಯುಕ್ತವೇ. ಆದರೆ ನಮ್ಮ ಮೂರು ಊರುಗಳ ಬಾಳು ಹೊಲಕ್ಕೆ ಅಂಟಿಕೊಂಡದ್ದು. ರೋಹಿಣಿ-ಮೃಗಶಿರಗಳಲ್ಲಿ ಬಿತ್ತಿದ ಬೀಜ ಮೊಳೆಯದಿದ್ದರೆ ಅದನ್ನು ಮರುದಿನ ತಿದ್ದಲು ಬಾರದು. ಹಂಗಾಮು ಹೋದರೆ ವರ್ಷ ಹೋಯಿತು. ೨೦೦೮ರ ಜೂನ್ ೧೦ರಂದು ಇದೇ ಹಾವೇರಿಯಲ್ಲಿ, ಸಕಾಲಕ್ಕೆ ಗೊಬ್ಬರ ಸಿಗಲಿಲ್ಲವೆಂದು ರೈತರು ಬೀದಿಗಿಳಿದರು. ಗೋಲೀಬಾರಿನಲ್ಲಿ ಇಬ್ಬರು ರೈತರು ಪ್ರಾಣ ತೆತ್ತರು. ಬಿತ್ತನೆಯ ಕಾಲದ ಹದಿನೈದು ದಿನಗಳಿಗೆ ರೈತನ ಮನೆಯಲ್ಲಿ ಏನು ಬೆಲೆಯೆಂಬದನ್ನು ಇದಕ್ಕಿಂತ ಕಠೋರವಾಗಿ ಹೇಳಲು ಸಾಧ್ಯವಿಲ್ಲ.

ಆದುದರಿಂದ ತರುಣ ಮಿತ್ರರೇ, ಚೊಚ್ಚಲ ಸರಕಿನ ಚಿಕ್ಕತನವನ್ನು ನಿಮ್ಮ ಖರ್ಚಿನಿಂದ ಅಳೆಯಬೇಡಿರಿ. ಅದು ಕೆಟ್ಟಾಗ ಕೊಂಡವನಿಗೆ ಆಗುವ ಹಾನಿಯಿಂದ ಅಳೆಯಿರಿ. ಹತ್ತು ಸಾವಿರ ರೂಪಾಯಿಯಲ್ಲಿ ಮಾಡಿದ ಸಾಧನವು ರೈತನ ನಾಲ್ಕು ಎಕರೆಯ ಬೆಳೆಯನ್ನು ಅಪಾಯಕ್ಕೊಡ್ಡುವದಾದರೆ ಅದು ಚಿಕ್ಕದಲ್ಲ, ಬಹು ದೊಡ್ಡದು. ಲಕ್ಷ ರೂಪಾಯಿ ವೆಚ್ಚದ ಸಾಧನವೇ ಆಗಲಿ, ಅದರ ಪರೀಕ್ಷೆಯಲ್ಲಿ ರೈತನಿಗೆ ಒಂದು ಚೀಲಕ್ಕಿಂತ ಹೆಚ್ಚು ಹೋಗದಂತೆ ಏರ್ಪಡಿಸಿದರೆ ಅದು ನಿಜವಾಗಿಯೂ ಚಿಕ್ಕದು. ಈ ತತ್ತ್ವವನ್ನು ಬ್ಯಾಡಗಿಯ ಮೆಣಸಿನಕಾಯಿಗೂ ರಾಣೇಬೆನ್ನೂರಿನ ಬೀಜಕ್ಕೂ ಅನ್ವಯಿಸಿ ನೋಡೋಣ.

ಬ್ಯಾಡಗಿಯ ಮೆಣಸಿನಕಾಯಿಯ ಗುಣವನ್ನು ಈ ಸಭೆಗೆ ನಾನು ಬಣ್ಣಿಸಬೇಕಾಗಿಲ್ಲ. ಡಬ್ಬಿ, ಕಡ್ಡಿ ಎಂಬ ಎರಡು ಬಗೆಗಳು. ಖಾರ ಕಡಿಮೆ, ಬಣ್ಣ ಅಧಿಕ, ಮೈಯೆಲ್ಲ ಸುಕ್ಕು. ೨೦೧೧ರಲ್ಲಿ ಇದಕ್ಕೆ ಭೌಗೋಲಿಕ ಸೂಚಕದ ಮನ್ನಣೆ ದೊರೆಯಿತು. ಇದರಿಂದ ತೆಗೆದ ಒಲಿಯೋರೆಸಿನ್ ಎಂಬ ಸತ್ವವು ಆಹಾರ ಪದಾರ್ಥಗಳಿಗೆ ಬಣ್ಣ ಕಟ್ಟಲು ದೇಶ-ವಿದೇಶಗಳಲ್ಲಿ ಬಳಕೆಯಲ್ಲಿದೆ. ಬಣ್ಣವೇ ಇದರ ಬೆಲೆ. ಒಣಗಿಸುವದು ಕೆಟ್ಟರೆ ಬಣ್ಣ ಕೆಟ್ಟಿತು. ಕಣದ ಮೇಲೆ ಹರವಿದ ಕಾಯಿಯ ಮೇಲೆ ಅಕಾಲದ ಮಳೆ ಬಿದ್ದರೆ ಬೂಸಲು ಹಿಡಿಯುವದು. ಆದುದರಿಂದ ತರುಣನೊಬ್ಬನು “ನಾನು ಸೌರಶಕ್ತಿಯ ಒಣಗಿಸುವ ಯಂತ್ರವನ್ನು ಮಾಡುವೆನು” ಎಂದು ಹೊರಟನೆಂದು ಇಟ್ಟುಕೊಳ್ಳಿರಿ. ವಿಚಾರವೇನೋ ಒಳ್ಳೆಯದು. ಆತನ ಚೊಚ್ಚಲ ಸರಕು ಯಾವದಾಗಬೇಕು?

ಸಾಮಾನ್ಯವಾಗಿ ಆತನು ಹತ್ತು ಕ್ವಿಂಟಲು ಹಿಡಿಯುವ ದೊಡ್ಡ ಯಂತ್ರದ ನಕ್ಷೆ ಬರೆಯುವನು, ಸಾಲಕ್ಕೆ ಅರ್ಜಿ ಹಾಕುವನು, ಉದ್ಘಾಟನೆಗೆ ಗಣ್ಯರನ್ನು ಕರೆಯುವನು. ನಾನು ಹೇಳುವದು ಹೀಗೆ: ಮೊದಲು ಯಂತ್ರವನ್ನೇ ಮಾಡಬೇಡ. ದೇವಿಹೊಸೂರಿನ ತೋಟಗಾರಿಕೆ ಎಂಜಿನಿಯರಿಂಗ್ ಮತ್ತು ಆಹಾರ ತಂತ್ರಜ್ಞಾನ ಮಹಾವಿದ್ಯಾಲಯದಂಥ ಸ್ಥಳಗಳಲ್ಲಿ ಬಲ್ಲವರಿರುವರು. ಅವರ ಸಲಹೆಯಿಂದ ಎಲ್ಲಿಯಾದರೂ ಇರುವ ಚಿಕ್ಕ ಒಣಗಿಸುವ ಪೆಟ್ಟಿಗೆಯನ್ನು ಎರವಲು ಪಡೆ. ಒಬ್ಬ ರೈತನ ಒಂದೇ ಹೊಲದ, ಒಂದೇ ದಿನ ಬಿಡಿಸಿದ ಕಾಯಿಯನ್ನು ಎರಡು ಪಾಲು ಮಾಡು. ಒಂದು ಪಾಲು ಎಂದಿನಂತೆ ಕಣದಲ್ಲಿ ಒಣಗಲಿ, ಇನ್ನೊಂದು ಪೆಟ್ಟಿಗೆಯಲ್ಲಿ ಒಣಗಲಿ. ಹಸಿ ಕಾಯಿ ಒಣಗಿದ ಮೇಲೆ ಮೂರನೆಯ ಒಂದು ಪಾಲಿನಿಂದ ನಾಲ್ಕನೆಯ ಒಂದು ಪಾಲಿನವರೆಗೆ ಉಳಿಯುವದರಿಂದ, ಎರಡು ಚಿಕ್ಕ ಲಾಟುಗಳಿಗೆ ಬೇಕಾಗುವ ಹಸಿ ಕಾಯಿ ಬಹಳವಲ್ಲ. ಬಳಿಕ ಎರಡನ್ನೂ ಒಂದೇ ದಿನ ಬ್ಯಾಡಗಿಯ ಪೇಟೆಗೆ ತಂದು, ಬೇರೆ ಬೇರೆ ಲಾಟುಗಳಾಗಿ ಇರಿಸು.

ಬ್ಯಾಡಗಿಯ ಪೇಟೆಯಂಥ ನಿಷ್ಪಕ್ಷಪಾತಿಯಾದ ಪರೀಕ್ಷಕನು ಯಾವ ವಿಶ್ವವಿದ್ಯಾಲಯದಲ್ಲಿಯೂ ಸಿಗಲಾರನು. ಸೋಮವಾರ-ಗುರುವಾರಗಳಂದು ದಲಾಲರ ಅಂಗಡಿಗಳಲ್ಲಿ ಚೀಲಗಳು ಸಾಲುಗಟ್ಟುವವು. ಖರೀದಿದಾರರು ಬಂದು ಹಿಡಿಯಷ್ಟು ಕಾಯಿಯನ್ನು ಕೈಯಲ್ಲಿ ಹಿಡಿದು, ಬಣ್ಣ ನೋಡಿ, ಸುಕ್ಕು ನೋಡಿ, ಮುರಿದು ಒಣಗು ನೋಡಿ ಟೆಂಡರಿನಲ್ಲಿ ದರ ನಮೂದಿಸುವರು. ಹೆಚ್ಚಿನ ದರಕ್ಕೆ ಲಾಟು. ಅವರಿಗೆ ನಿನ್ನ ಯಂತ್ರದ ಪರಿಚಯವಿಲ್ಲ, ನಿನ್ನ ತಂದೆಯ ದಾಕ್ಷಿಣ್ಯವಿಲ್ಲ. ಪೆಟ್ಟಿಗೆಯ ಕಾಯಿಗೆ ಅವರು ತಾವಾಗಿಯೇ ಹೆಚ್ಚು ದರ ಬರೆದರೆ ನಿನ್ನ ವಿಚಾರಕ್ಕೆ ಜೀವವಿದೆ. ಬರೆಯದಿದ್ದರೆ ಆ ಸಂಗತಿಯು ಒಂದೆರಡು ಚೀಲಗಳ ವೆಚ್ಚದಲ್ಲಿ ತಿಳಿಯಿತೆಂದು ಸಂತೋಷಪಡು.

ಆದರೆ ಲೆಕ್ಕದಲ್ಲಿ ಎರಡು ಎಚ್ಚರಗಳು ಬೇಕು. ಮೊದಲನೆಯದು ತೂಕದ್ದು. ನೂರಕ್ಕೆ ೧೪ರಷ್ಟು ತೇವವಿರುವ ೧೦೦ ಕಿಲೋ ಕಾಯಿಯನ್ನು ೧೦ರಷ್ಟು ತೇವಕ್ಕೆ ಇಳಿಸಿದರೆ ಉಳಿಯುವದು ಸುಮಾರು ೯೫ ಕಿಲೋ ೫೦೦ ಗ್ರಾಮು. ನಾಲ್ಕೂವರೆ ಕಿಲೋ ನೀರು ಹಾರಿಹೋಯಿತು. ಪೇಟೆಯಲ್ಲಿ ಮಾರಾಟವಾಗುವದೋ ತೂಕ. ದರವು ನೂರಕ್ಕೆ ಐದರಷ್ಟಾದರೂ ಹೆಚ್ಚದಿದ್ದರೆ ಯಂತ್ರವು ರೈತನ ಕಿಸೆಯನ್ನು ಹಗುರ ಮಾಡಿದಂತೆಯೇ. ಅದರ ಮೇಲೆ ಯಂತ್ರದ ಬಾಡಿಗೆ ಬೇರೆ. ನಿನ್ನ ಪ್ರತಿಸ್ಪರ್ಧಿ ಮತ್ತೊಬ್ಬನ ಯಂತ್ರವಲ್ಲ. ಕಾಸು ಕೇಳದ ಸೂರ್ಯನೇ ನಿನ್ನ ಪ್ರತಿಸ್ಪರ್ಧಿ! ಎರಡನೆಯ ಎಚ್ಚರ ದಿನದ್ದು. ಕಳೆದ ವಾರದ ದರವನ್ನು ಈ ವಾರದ ದರಕ್ಕೆ ಹೋಲಿಸಿ “ನನ್ನ ಯಂತ್ರದಿಂದ ದರ ಏರಿತು” ಎನ್ನಬಾರದು. ೨೦೨೪ರ ಮಾರ್ಚ್ ೧೧ರಂದು ಬ್ಯಾಡಗಿಯಲ್ಲಿ ದರ ಕುಸಿದು, ರೊಚ್ಚಿಗೆದ್ದ ರೈತರ ಕೈಯಲ್ಲಿ ಮಾರುಕಟ್ಟೆ ಸಮಿತಿಯ ಕಚೇರಿಗೆ ಹಾನಿಯಾಗಿ ವಾಹನಗಳು ಸುಟ್ಟುಹೋದದ್ದನ್ನು ನಾವೆಲ್ಲರೂ ಬಲ್ಲೆವು. ಅಂಥ ದಿನ ಎಷ್ಟು ಚೆನ್ನಾಗಿ ಒಣಗಿಸಿದ ಕಾಯಿಯೂ ಸೋಲುವದು. ಇನ್ನೊಂದು ದಿನ ಕಳಪೆಯೂ ಗೆಲ್ಲುವದು. ಒಂದೇ ಹೊಲ, ಒಂದೇ ದಿನ, ಎರಡು ಲಾಟು: ಹೋಲಿಕೆಗೆ ಇದೇ ದಾರಿ. ಅದೂ ಒಂದು ಸಲವಲ್ಲ, ನಾಲ್ಕಾರು ಪೇಟೆಯ ದಿನಗಳಲ್ಲಿ.

ಬ್ಯಾಡಗಿಯ ಮಾತು ಬಂದಾಗ ಕಾಯಿಯ ತೊಟ್ಟು ಬಿಡಿಸುವ ತಾಯಂದಿರನ್ನು ಮರೆಯಲಾಗದು. ಆ ಘಾಟಿನಲ್ಲಿ ದಿನವಿಡೀ ಕುಳಿತು ದುಡಿಯುವ ಅವರ ಕೈ ಉರಿಯುವದು, ಕಣ್ಣು ಉರಿಯುವದು. ತೊಟ್ಟು ಬಿಡಿಸುವ ಯಂತ್ರ ಮಾಡುವೆನೆಂದು ಹೊರಡುವವನು, ಅದು ಅವರ ಕೂಲಿಯನ್ನು ಕಸಿಯುವದೋ ಅವರ ಉರಿಯನ್ನು ಕಡಿಮೆ ಮಾಡುವದೋ ಎಂದು ಮೊದಲು ಕೇಳಿಕೊಳ್ಳಲಿ. ಬೆರಳಿಗೆ ಒಪ್ಪುವ ಕೈಚೀಲ, ಧೂಳು ತಡೆಯುವ ಮುಖವಸ್ತ್ರ, ಬೆನ್ನಿಗೆ ಆಸರೆಯಾಗುವ ಮಣೆ ಇವೂ ಚೊಚ್ಚಲ ಸರಕುಗಳೇ. ಒಂದು ವಾರದಲ್ಲಿ ಹತ್ತು ಜನರ ಕೈಗೆ ಕೊಟ್ಟು ನೋಡಬಹುದು. ಎಂಟನೆಯ ದಿನವೂ ಅವರು ತಾವಾಗಿಯೇ ಅದನ್ನು ಧರಿಸಿಕೊಂಡು ಬಂದರೆ ಅದೇ ಪ್ರಶಸ್ತಿಪತ್ರ. ಮೂಲೆಗೆಸೆದಿದ್ದರೆ ಅದೇ ತೀರ್ಪು.

ಇನ್ನು ರಾಣೇಬೆನ್ನೂರಿನ ಬೀಜದ ಕಡೆಗೆ ಹೊರಳೋಣ. ಬೀಜದ ವ್ಯವಹಾರದಲ್ಲಿ ಅವಸರಕ್ಕೆ ಸ್ಥಳವೇ ಇಲ್ಲ. ೧೯೭೨ರಲ್ಲಿ ಧಾರವಾಡದ ಕೃಷಿ ಸಂಶೋಧನ ಕೇಂದ್ರದಿಂದ ಡಾ. ಬಿ. ಎಚ್. ಕಟರಕಿಯವರು ‘ವರಲಕ್ಷ್ಮಿ’ ಎಂಬ ಸಂಕರ ಹತ್ತಿಯನ್ನು ಹೊರತಂದರು. ಎರಡು ಭಿನ್ನ ಜಾತಿಯ ಹತ್ತಿಗಳನ್ನು ಕೂಡಿಸಿ ಪಡೆದ ಆ ತಳಿಯು ನಮ್ಮ ರೈತರ ಬಾಳಿನಲ್ಲಿ ದೊಡ್ಡ ಪಲ್ಲಟವನ್ನುಂಟುಮಾಡಿತು. ಸಂಕರ ಹತ್ತಿಯ ಬೀಜವನ್ನು ಕೈಯಿಂದಲೇ ಮಾಡಬೇಕು: ಸಂಜೆ ಮೊಗ್ಗಿನೊಳಗಿನ ಕೇಸರಗಳನ್ನು ಬಿಡಿಸಿ ಗುರುತು ಕಟ್ಟುವದು, ಮರುದಿನ ಮುಂಜಾನೆ ಗಂಡು ಹೂವಿನ ಪರಾಗವನ್ನು ಅದಕ್ಕೆ ಸೋಕಿಸುವದು. ಒಂದೊಂದು ಹೂವಿಗೂ ಎರಡು ಸಲ ಕೈ ತಾಗಬೇಕು. ಇಂಥ ಬೀಜೋತ್ಪಾದನೆಯ ಕೆಲಸಕ್ಕೆ ರಾಣೇಬೆನ್ನೂರ ಸೀಮೆಯು ಹೆಸರಾಗಿದೆ.

ಇಲ್ಲಿ ಹೊಸ ಬೀಜವನ್ನೋ, ಬೀಜಕ್ಕೆ ಲೇಪಿಸುವ ಹೊಸ ಔಷಧವನ್ನೋ ತರುವವನು ನಮ್ಮ ಹಿರಿಯರ ಮೆಟ್ಟಿಲುಗಳನ್ನೇ ಏರಲಿ. ಮೊದಲ ಮೆಟ್ಟಿಲು ಒದ್ದೆ ಗೋಣಿಚೀಲ. ನೂರು ಕಾಳು ಎಣಿಸಿ, ಅದರಲ್ಲಿ ಸುತ್ತಿಟ್ಟು, ಒಂದು ವಾರದೊಳಗೆ ಎಷ್ಟು ಮೊಳೆತವೆಂದು ಎಣಿಸುವದು. ಇದಕ್ಕೆ ಕಾಸಿನ ಖರ್ಚಿಲ್ಲ. ಇಲ್ಲಿ ಸೋತ ಬೀಜ ಹೊಲಕ್ಕೆ ಹೋಗಬೇಕಾಗಿಯೇ ಇಲ್ಲ. ಎರಡನೆಯ ಮೆಟ್ಟಿಲು ಹೊಲದ ಅಂಚಿನ ನಾಲ್ಕು ಸಾಲು, ಪಕ್ಕದಲ್ಲಿ ಎಂದಿನ ಬೀಜದ ನಾಲ್ಕು ಸಾಲು. ಇದಕ್ಕೆ ಒಂದು ಹಂಗಾಮು ಬೇಕು. ಅದನ್ನು ಅರ್ಧಕ್ಕೆ ಇಳಿಸುವ ವಿದ್ಯೆ ಇನ್ನೂ ಹುಟ್ಟಿಲ್ಲ. ಮೂರನೆಯದು ಬೇರೆ ಬೇರೆ ಮಣ್ಣಿನ ಕೆಲವು ಊರುಗಳಲ್ಲಿ ಒಂದೊಂದು ತುಂಡು ಹೊಲ. ಕಾರಣ, ಎರೆಯ ನೆಲದಲ್ಲಿ ಗೆದ್ದದ್ದು ಮಸಾರಿಯಲ್ಲಿ ಸೋಲಬಹುದು. ರಾಣೇಬೆನ್ನೂರು ತಾಲೂಕಿನ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದವರು ಇಂಥ ಪರೀಕ್ಷೆಗಳಲ್ಲಿ ಪಳಗಿದವರು. ಅವರನ್ನು ಕೇಳದೆ ಹೆಜ್ಜೆಯಿಡಬಾರದು. ಈ ಮೂರು ಮೆಟ್ಟಿಲುಗಳಲ್ಲಿ ಒಂದನ್ನು ಹಾರಿದವನು ತನ್ನ ಸಮಯವನ್ನು ಉಳಿಸಿದಂತೆ ತೋರಿದರೂ, ಆತನು ನಿಜವಾಗಿ ಖರ್ಚು ಮಾಡುವದು ರೈತನ ವರ್ಷವನ್ನು.

ಗಣಕದ ಮತ್ತು ಮೊಬೈಲಿನ ಮೂಲಕ ಸೇವೆ ಸಲ್ಲಿಸಬೇಕೆನ್ನುವವರಿಗೂ ಇದೇ ಮಾತು ಸಲ್ಲುವದು. ಸರಕಾರಗಳು ಕೂಡ ಈ ಕ್ರಮವನ್ನೇ ಹಿಡಿದಿವೆ. ೨೦೧೬ರ ಏಪ್ರಿಲ್ ೧೪ರಂದು ‘ಇ-ನಾಮ್’ ಎಂಬ ರಾಷ್ಟ್ರೀಯ ಕೃಷಿ ಮಾರುಕಟ್ಟೆಯು ೮ ರಾಜ್ಯಗಳ ೨೧ ಪೇಟೆಗಳಲ್ಲಿ ಆರಂಭವಾಯಿತು. ೨೦೨೦ರ ಮೇ ತಿಂಗಳಿಗೆ ಆ ಸಂಖ್ಯೆ ಸಾವಿರವನ್ನು ಮುಟ್ಟಿತು. ಅದಕ್ಕೂ ಮುನ್ನ, ೨೦೧೪ರಲ್ಲಿಯೇ ಕರ್ನಾಟಕವು ತನ್ನ ಪೇಟೆಗಳಿಗಾಗಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ತೊಡಗಿಸಿತ್ತು. ಕೋಟಿಗಟ್ಟಲೆ ಹಣವುಳ್ಳ ಸರಕಾರವೇ ೨೧ರಿಂದ ಆರಂಭಿಸುವದಾದರೆ, ರೈತರಿಗೆ ದರದ ವರ್ತಮಾನ ತಿಳಿಸುವೆನೆಂಬ ತರುಣನು ಹತ್ತು ಮನೆಗಳಿಂದ ಆರಂಭಿಸುವದಕ್ಕೆ ನಾಚಿಕೆಯೇಕೆ? ಆತನು ಮೊದಲು ಕಾಗದದ ಮೇಲೆ ದರ ಬರೆದುಕೊಂಡು, ಹತ್ತು ಜನ ರೈತರಿಗೆ ಫೋನಿನ ಮೇಲೆ ತಿಳಿಸಲಿ. ತಿಂಗಳಾದ ಮೇಲೆ ಒಂದು ವಾರ ಸುಮ್ಮನಿದ್ದು ನೋಡಲಿ. “ಯಾಕಪ್ಪಾ, ಈ ವಾರ ದರ ಹೇಳಲಿಲ್ಲ?” ಎಂದು ಎಷ್ಟು ಜನರು ಕೇಳಿ ಬರುವರೋ ಅಷ್ಟು ಜನ ನಿಜವಾದ ಗಿರಾಕಿಗಳು.

ಇಷ್ಟರಿಂದ ಹೊರಡುವ ಕೆಲವು ನಿಯಮಗಳನ್ನು ಸಂಗ್ರಹವಾಗಿ ಹೇಳುತ್ತೇನೆ.

ಮೊದಲನೆಯದು: ಒಂದೇ ಕೆಲಸ, ಪೂರ್ತಿ ಕೆಲಸ. ಬಿತ್ತುವ, ಹರಗುವ, ಔಷಧ ಸಿಂಪಡಿಸುವ ಮೂರೂ ಕೆಲಸಗಳನ್ನು ಅರ್ಧರ್ಧ ಮಾಡುವ ಯಂತ್ರಕ್ಕಿಂತ ಒಂದನ್ನೇ ಸರಿಯಾಗಿ ಮಾಡುವ ಎಡೆಕುಂಟೆ ಮೇಲು.

ಎರಡನೆಯದು: ಹಳೆಯ ದಾರಿಯನ್ನು ಮುಚ್ಚಬೇಡಿರಿ. ಪರೀಕ್ಷೆಯ ಕಾಲದಲ್ಲಿ ರೈತನ ಎಂದಿನ ಪದ್ಧತಿ ಪಕ್ಕದಲ್ಲಿ ನಡೆದೇ ಇರಲಿ. ಹೊಸದು ಕೆಟ್ಟರೆ ಆತನು ಒಪ್ಪೊತ್ತು ಉಪವಾಸವಿರಬಾರದು.

ಮೂರನೆಯದು: ಹಾನಿಯ ಭಾರ ಮಾಡುವವನದು. “ನಷ್ಟವಾದರೆ ಇಷ್ಟು ತುಂಬಿಕೊಡುವೆನು” ಎಂದು ಮೊದಲೇ ಕಾಗದದ ಮೇಲೆ ಬರೆದುಕೊಡಿರಿ. ತುಂಬಿಕೊಡುವ ಶಕ್ತಿ ನಿಮಗಿಲ್ಲದಿದ್ದರೆ ನಿಮ್ಮ ಪರೀಕ್ಷೆ ಇನ್ನೂ ದೊಡ್ಡದಾಗಿದೆಯೆಂದು ಅರ್ಥ. ಅದನ್ನು ನಿಮ್ಮ ಶಕ್ತಿಗೆ ತಕ್ಕಷ್ಟು ಕಿರಿದು ಮಾಡಿರಿ.

ನಾಲ್ಕನೆಯದು: ಪುಕ್ಕಟೆ ಕೊಡಬೇಡಿರಿ. ಇದು ಮೂರನೆಯದಕ್ಕೆ ವಿರುದ್ಧವೆಂದು ತೋರಬಹುದು, ಹಾಗಲ್ಲ. ಪುಕ್ಕಟೆ ಪಡೆದವನು ಉಪಚಾರಕ್ಕಾಗಿ ಹೊಗಳುವನು. ಹತ್ತು ರೂಪಾಯಿ ಕೊಟ್ಟವನು ಹತ್ತು ರೂಪಾಯಿಯ ಸತ್ಯವನ್ನಾದರೂ ಹೇಳುವನು. ಆದುದರಿಂದ ಬಾಡಿಗೆ ಪಡೆಯಿರಿ, ಹಾನಿಯಾದರೆ ತುಂಬಿಕೊಡಿರಿ. ನಮ್ಮ ವರ್ತಕರಲ್ಲಿ ಮರ್ಯಾದಸ್ಥರು ಇದೇ ರೀತಿ ನಡೆದುಕೊಂಡು ಬಂದಿರುವರು.

ಐದನೆಯದು: ನಿಲ್ಲಿಸುವ ಗೆರೆಯನ್ನು ಮೊದಲೇ ಎಳೆಯಿರಿ. “ಇಷ್ಟು ಜನ ಎರಡನೆಯ ಸಲ ಕೇಳಿ ಬರದಿದ್ದರೆ, ಇಷ್ಟು ತಿಂಗಳೊಳಗೆ ದರ ಏರದಿದ್ದರೆ, ಈ ಸರಕನ್ನು ಬಿಡುವೆನು” ಎಂದು ಆರಂಭದ ದಿನವೇ ಬರೆದಿಡಿರಿ. ಕೂಸಿನ ಮೇಲೆ ಮಮತೆ ಬೆಳೆದ ಮೇಲೆ ತೀರ್ಪು ಕೊಡುವದು ಯಾವ ತಂದೆಗೂ ಸಾಧ್ಯವಾಗದು.

ಈ ಐದನೆಯ ನಿಯಮವು ತರುಣರಿಗಿಂತ ಹಿರಿಯರಿಗೆ ಹೆಚ್ಚು ಸಂಬಂಧಿಸಿದ್ದು. ಮಗನು ಊರಿಗೆ ಬಂದು ಉದ್ದಿಮೆ ಹೂಡುವೆನೆಂದಾಗ ಕೆಲವರು ಪ್ರೀತಿಯಿಂದ ಹೊಲವನ್ನೇ ಒತ್ತೆಯಿಟ್ಟು ಬಂಡವಾಳ ಕೊಡುವರು. ಹಾಗೆ ಮಾಡಬೇಡಿರಿ. ಮನೆತನವು ಒಂದು ಹಂಗಾಮಿನಲ್ಲಿ ಕಳೆದುಕೊಂಡರೂ ತಡೆದುಕೊಳ್ಳಬಲ್ಲಷ್ಟನ್ನು ಮಾತ್ರ ಕೊಡಿರಿ. ಹೊಲ ಒತ್ತೆಗೆ ಬಿದ್ದ ಮಗನು ಸೋಲನ್ನು ಒಪ್ಪಿಕೊಳ್ಳಲಾರನು. ಒಪ್ಪಿಕೊಳ್ಳಲಾರದ್ದರಿಂದ ಕೆಟ್ಟ ಸರಕನ್ನೇ ಇನ್ನಷ್ಟು ಸಾಲ ಮಾಡಿ ಬೆಳೆಸುವನು. ಅಲ್ಪ ಹಣದಲ್ಲಿ ಅಲ್ಪ ಸೋಲು ಸೋತು ಮನೆಗೆ ಬಂದವನನ್ನು ಊರ ಕಟ್ಟೆಯ ಮೇಲೆ ಹಾಸ್ಯ ಮಾಡಬೇಡಿರಿ. ಮೊದಲ ಮಳೆಗೆ ಬಿತ್ತಿದ್ದು ಹುಸಿಹೋದರೆ ಎರಡನೆಯ ಮಳೆಗೆ ಮತ್ತೆ ಕೂರಿಗೆ ಹೂಡುವ ರೈತನನ್ನು ಯಾರಾದರೂ ನಗುವರೆ? ಆತನ ಬಳಿ ಎರಡನೆಯ ಬಿತ್ತನೆಗೆ ಬೀಜ ಉಳಿದಿದೆಯೆ ಎಂಬದಷ್ಟೇ ಪ್ರಶ್ನೆ. ಚೊಚ್ಚಲ ಸರಕನ್ನು ಚಿಕ್ಕದಾಗಿ ಮಾಡಬೇಕೆಂಬುದರ ಮರ್ಮವೂ ಇದೇ. ಎರಡನೆಯ ಬಿತ್ತನೆಗೆ ಬೀಜ ಉಳಿದಿರಲಿ.

ಕಡೆಯಲ್ಲಿ ಈ ಸಭೆಯ ಮುಂದೆ ಒಂದು ವಿನಂತಿಯನ್ನಿಡುತ್ತೇನೆ. ನಮ್ಮ ಜಾತ್ರೆಗಳಲ್ಲಿ ಒಕ್ಕಲುತನದ ಪ್ರದರ್ಶನಗಳು ನಡೆಯುತ್ತವೆ; ಸಹಸ್ರಾರು ರೈತರು ಸೇರುತ್ತಾರೆ. ಅಲ್ಲಿ ದೊಡ್ಡ ಕಂಪನಿಗಳ ಮಳಿಗೆಗಳ ನಡುವೆ ಒಂದು ಸಾಲನ್ನು ಈ ತರುಣರ ಚೊಚ್ಚಲ ಸರಕುಗಳಿಗಾಗಿ ಬಿಟ್ಟುಕೊಡಬೇಕು. ದೇವಗಿರಿಯ ಸರಕಾರಿ ಎಂಜಿನಿಯರಿಂಗ್ ಮಹಾವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ಪದವಿಗಾಗಿ ಮಾಡುವ ಯಂತ್ರಗಳು ಪರೀಕ್ಷೆಯ ಮರುದಿನ ಮೂಲೆ ಸೇರದೆ ಅಲ್ಲಿಗೆ ಬರಲಿ. ಪ್ರತಿಯೊಂದರ ಬದಿಯಲ್ಲಿ ಒಂದು ದೂರಿನ ಪುಸ್ತಕವಿರಲಿ. ಅಭಿನಂದನೆಯ ಪುಸ್ತಕ ಬೇಡ. ಮುಟ್ಟಿ ನೋಡಿದ ರೈತನು “ಇದರ ಹಿಡಿ ಗಿಡ್ಡವಾಯಿತು”, “ಇದು ಎರೆಯಲ್ಲಿ ಹೂತುಹೋದೀತು”, “ಇದನ್ನು ರಿಪೇರಿ ಮಾಡುವವರಾರು?” ಎಂದು ಹೇಳುವದನ್ನು ಅದರಲ್ಲಿ ಬರೆದಿಡಲಿ. ಮರುವರ್ಷದ ಜಾತ್ರೆಗೆ ಅದೇ ತರುಣನು ಅದೇ ಪುಸ್ತಕದೊಡನೆ, ತಿದ್ದಿದ ಸರಕಿನೊಡನೆ ಬಂದನಾದರೆ, ಅಂಥವನಿಗೆ ಬಂಡವಾಳ ಕೊಡಲು ಈ ಮೂರು ಪೇಟೆಗಳ ವರ್ತಕರು ಹಿಂದೆಗೆಯಲಾರರೆಂದು ನಾನು ನಂಬಿದ್ದೇನೆ.

ಕಾಯಕವನ್ನು ನಂಬಿದ ಈ ಸ್ಥಾನದಲ್ಲಿ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.